ಗೆದ್ದವರ ಕಡೆಯ ಕೈ

ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಒಂದು ನಿಯಮವಿದೆ. ಒಮ್ಮೆ ಮತಕ್ಕೆ ಹಾಕಿ ತೀರ್ಮಾನಿಸಿದ್ದನ್ನು ಮುಂದಿನ ಸಭೆಯಲ್ಲಿ ಮತ್ತೆ ಎತ್ತಬೇಕಾದರೆ, ಗೆದ್ದ ಕಡೆ ಮತ ಹಾಕಿದವರೇ ಎತ್ತಬೇಕು. ಸೋತವರು ಬಾಯಿ ಮುಚ್ಚಿಕೊಂಡಿರಬೇಕು. ಎತ್ತಿದ ಮೇಲೂ, ಯಾವ ಕಡೆಯವರಾದರೂ ಸರಿ, ಇನ್ನೊಬ್ಬ ಸದಸ್ಯ ಅನುಮೋದಿಸಬೇಕು, ಇಲ್ಲದಿದ್ದರೆ ಚರ್ಚೆಯೇ ಇಲ್ಲ. ಇದನ್ನು ಯಾವ ಪುಣ್ಯಾತ್ಮ ಬರೆದನೋ, ಅವನು ಯಾವತ್ತೂ ಸೋತವನಿರಲಿಕ್ಕಿಲ್ಲ.

ನಾನು ಎರ್ನೆಸ್ತಿನಾ ವಾಲ್ದೋವಿನೋಸ್. ಟೀನಾ ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆದವಳು. ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳ ನಡುವಿನ ನಮ್ಮ ಸಾನ್ ಅಂಬ್ರೋಸಿಯೋಗೆ ಕಾಲೇಜಿನ ಸಂಜೆ ಶಾಖೆ ಬೇಕೆಂದು ಒಂಬತ್ತು ವರ್ಷ ಮನೆಮನೆಯ ಬಾಗಿಲು ತಟ್ಟಿ ಸಹಿ ಹಾಕಿಸಿದೆ. ಶಾಖೆ ಬಂತು, ಊರಿನವರು ನನ್ನನ್ನು ಮಂಡಳಿಗೂ ಆರಿಸಿ ಕಳಿಸಿದರು. ಚುನಾವಣೆಯಲ್ಲಿ ನನ್ನ ಹೆಸರಿನ ಫಲಕವನ್ನು ತನ್ನ ಮನೆಯ ಅಂಗಳದಲ್ಲಿ ಮೊದಲು ನೆಟ್ಟವಳು ಚಾಯೋ. ಚರ್ಚಿನಲ್ಲಿ ನನ್ನ ಮಗಳಿಗೆ ಧರ್ಮತಾಯಿಯಾದವಳು ಅವಳೇ, ಹಾಗಾಗಿ ನಾವು ಒಬ್ಬರನ್ನೊಬ್ಬರು ಕೊಮಾದ್ರೆ, ಅಂದರೆ ಜೊತೆತಾಯಿ, ಎಂದೇ ಕರೆಯುವುದು. ಹಗಲೆಲ್ಲ ಶೆಡ್ಡಿನಲ್ಲಿ ನಿಂತು ಬಾದಾಮಿ ಆರಿಸಿ, ಸಂಜೆ ಶಾಖೆಯಲ್ಲಿ ನರ್ಸಿಂಗ್ ಸಹಾಯಕಿಯ ಪಾಠ ಕಲಿಯುತ್ತಿದ್ದಳು, ಐವತ್ತಮೂರನೆಯ ವಯಸ್ಸಿನಲ್ಲಿ. ಇನ್ನೆರಡು ವಿಷಯ ಮುಗಿದರೆ ಸರ್ಟಿಫಿಕೇಟು.

ಮಾರ್ಚ್‌ನಲ್ಲಿ ಶಾಖೆ ಮುಚ್ಚುವ ಪ್ರಸ್ತಾಪ ಬಂತು. ವಿದ್ಯಾರ್ಥಿಗಳು ಕಡಿಮೆಯಂತೆ, ಬೇಕಾದವರು ನಲವತ್ತು ಮೈಲಿ ದೂರದ ದೊಡ್ಡ ಕ್ಯಾಂಪಸ್ಸಿಗೆ ಬರಲಿ ಅಂತೆ. ಸಂಜೆ ಐದರ ಮೇಲೆ ನಮ್ಮೂರಿನಿಂದ ಬಸ್ಸೇ ಇಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಏಳು ಸದಸ್ಯರಲ್ಲಿ ಐವರು ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಉಳಿದದ್ದು ನಾನು, ಮತ್ತೆ ಡೇರಿ ನಡೆಸುವ ಮಾರ್ವಿನ್ ಅಗ್ಯಾರ್.

ಸಭೆಗೆ ಮುಂಚೆ ಮಾರ್ವಿನ್ ನನ್ನನ್ನು ಕಾಫಿ ಯಂತ್ರದ ಹತ್ತಿರ ಕರೆದ. "ಇವತ್ತು ಹೇಗಿದ್ರೂ ಸೋಲ್ತೀವಿ, ಟೀನಾ. ನೀನು ಅವರ ಜೊತೆ ಕೈ ಎತ್ತಿಬಿಡು. ಮುಂದಿನ ತಿಂಗಳು ಮತ್ತೆ ವಿಷಯ ತೆಗಿ, ನಾನು ಅನುಮೋದಿಸ್ತೀನಿ. ಅಷ್ಟರಲ್ಲಿ ಇನ್ನಿಬ್ಬರನ್ನ ಒಪ್ಪಿಸೋದು ನನ್ನ ಜವಾಬ್ದಾರಿ."

"ಮಾತು ತಪ್ಪಲ್ಲ ತಾನೇ?"

"ನಮ್ಮಮ್ಮನಾಣೆ."

ಆ ಸಂಜೆ ನಮ್ಮೂರಿನ ಅರವತ್ತು ಜನ ಕೆಲಸದ ಬಟ್ಟೆಯಲ್ಲೇ ಬಂದು ಕೂತಿದ್ದರು. ಚಾಯೋ ಮೈಕಿನ ಮುಂದೆ ನಿಂತಳು. ಸಾರ್ವಜನಿಕರಿಗೆ ಮೂರು ನಿಮಿಷ. ಅವಳಿಗೆ ಅಷ್ಟೂ ಬೇಕಾಗಲಿಲ್ಲ. "ನಾನು ಇಲ್ಲೀತನಕ ಯಾವುದನ್ನೂ ಪೂರ್ತಿ ಮುಗಿಸಿದೋಳಲ್ಲ. ಇದೊಂದು ಮುಗಿಸೋಕೆ ಬಿಡಿ" ಅಂದು ನನ್ನತ್ತ ನೋಡಿ ನಕ್ಕಳು.

ಮುಚ್ಚಲು ಒಪ್ಪುವವರು ಕೈ ಎತ್ತಿ ಎಂದ ಅಧ್ಯಕ್ಷ. ನಾನು ಎತ್ತಿದೆ. ಮಾರ್ವಿನ್ ಎತ್ತಲಿಲ್ಲ. ವಿರೋಧಿಸಿದವನು ಅವನೊಬ್ಬನೇ. ಇಬ್ಬರೂ ಎತ್ತಬೇಕೆಂದೇನೂ ಇರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹೊರಗೆ ಚಾಯೋ ನನ್ನ ತೋಳು ಹಿಡಿದಳು. "ಅದು ನಿನ್ನ ಕೈನೇನಾ, ಕೊಮಾದ್ರೆ?"

"ಒಂದು ತಿಂಗಳು ತಾಳು. ಏನೂ ಕೇಳ್ಬೇಡ."

ಹೇಳಬಹುದಿತ್ತು. ಆದರೆ ಅನುಮೋದನೆ ಗಿನುಮೋದನೆ ಎಲ್ಲ ಇವರ ತಲೆಗೆ ಹತ್ತುವುದಿಲ್ಲ, ಸುಮ್ಮನೆ ಊರಿಡೀ ಡಂಗುರ ಹೊಡೆಯುತ್ತಾರೆ, ಅಧ್ಯಕ್ಷನ ಕಿವಿಗೆ ಬಿದ್ದರೆ ಕೆಲಸ ಕೆಟ್ಟಿತು ಎಂದುಕೊಂಡೆ. ಅತ್ತ ನಮ್ಮೂರಿನವರು ಸಾಲುಗಟ್ಟಿ ಮಾರ್ವಿನ್‌ನ ಕೈ ಕುಲುಕುತ್ತಿದ್ದರು. ಒಬ್ಬ ಮುದುಕ ಅವನ ಮುಂದೆ ಟೋಪಿಯನ್ನೂ ತೆಗೆದ.

ಏಪ್ರಿಲ್ ಸಭೆಗೆ ನಮ್ಮೂರಿನಿಂದ ಒಬ್ಬರೂ ಬರಲಿಲ್ಲ. ಯಾಕೆ ಬಂದಾರು? ಖಾಲಿ ಕುರ್ಚಿಗಳ ಮುಂದೆ ನಾನು ಮರುಪರಿಶೀಲನೆ ಕೇಳಿದೆ.

"ಅನುಮೋದಿಸೋರು ಯಾರಾದ್ರೂ ಇದ್ದೀರಾ?" ಅಂದ ಅಧ್ಯಕ್ಷ.

ಮಾರ್ವಿನ್ ನೀರಿನ ಬಾಟಲಿಗೆ ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಕೀಳುತ್ತಿದ್ದ. ಅಧ್ಯಕ್ಷ ಇನ್ನೊಮ್ಮೆ ಕೇಳಿದ. ಚೀಟಿ ಪೂರ್ತಿ ಕಿತ್ತು ಬಂತು. ಮುಂದಿನ ವಿಷಯ ಪಾರ್ಕಿಂಗ್ ಜಾಗದ್ದು.

"ಆ ಇಬ್ಬರು ಒಪ್ಲಿಲ್ಲ, ಟೀನಾ" ಅಂದ ಆಮೇಲೆ ಮಾರ್ವಿನ್. "ನಾನೊಬ್ಬ ಅನುಮೋದಿಸಿ ಏನು ಬಂತು? ಕೇಳೋಕೆ ಒಂದು ನರಪಿಳ್ಳೆನೂ ಬಂದಿರ್ಲಿಲ್ಲ." ಒಳ್ಳೆಯವನೆಂಬ ಹೆಸರು ಅವನಿಗೆ ಹೋದ ತಿಂಗಳೇ ಬಂದಾಗಿತ್ತು. ಇನ್ನೇನು ಬೇಕು ಅವನಿಗೆ.

ಭಾನುವಾರ ಚಾಯೋ ಮನೆಗೆ ಹೋದೆ. ನನ್ನ ಹೆಸರಿನ ಫಲಕ ಕೋಳಿಗೂಡಿನ ಮಾಡಾಗಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಅಡುಗೆಗೆಂದು ಪಾಪಾಸುಕಳ್ಳಿಯ ಮುಳ್ಳು ಹೆರೆಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳ ಚಾಕು ನಿಂತಿತು.

"ಅಂದ್ರೆ ಗೆದ್ದೋರ ಕಡೆ ನಿಂತ್ರೆ ಮಾತ್ರ ಮತ್ತೆ ಕೇಳ್ಬಹುದು. ಆಮೇಲೆ ಇನ್ನೊಬ್ರು ಹೂಂ ಅನ್ಬೇಕು. ಇಷ್ಟೇನಾ?"

"ಇಷ್ಟೇ."

"ಇದನ್ನ ಅವತ್ತೇ ಹೇಳಿದ್ರೆ ಅರವತ್ತೂ ಜನ ಮತ್ತೆ ಬಂದು ಆ ಮನುಷ್ಯನ ಮುಖಾನೇ ನೋಡ್ತಾ ಕೂತಿರ್ತಿದ್ವಿ. ಹೂಂ ಅನ್ನದೆ ಎಲ್ಲಿಗೆ ಹೋಗ್ತಿದ್ದ?"

ಗೂಡಿನೊಳಗೆ ಕೋಳಿಗಳು ಕೆದಕುತ್ತಿದ್ದವು.

"ನಮಗೆ ಅರ್ಥ ಆಗಲ್ಲ ಅಂದ್ಕೊಂಡ್ಯಾ, ಟೀನಾ?"

ಕೊಮಾದ್ರೆ ಅನ್ನಲಿಲ್ಲ. ಕಲಿಯಲಾರದವರು ಯಾರೂ ಇಲ್ಲ ಎಂದು ಒಂಬತ್ತು ವರ್ಷ ಬಾಗಿಲು ಬಾಗಿಲಿಗೆ ಹೋಗಿ ಹೇಳಿದವಳು ನಾನು. ಮೊದಲು ತಟ್ಟಿದ್ದೇ ಈ ಬಾಗಿಲನ್ನು.

"ಹೌದು" ಅಂದೆ.