ದೀಡ ಎಂಬಿ

ಹಣಮಂತ್ರಾಯ ಮಾಸ್ತರರ ಫೋನು ಬರುವತನಕ ವಿಜಯಶ್ರೀಗೆ ತನ್ನ ಕೆಲಸದ ಮೇಲೆ ಭಾರೀ ಹೆಮ್ಮೆ. ನಾಲ್ಕು ತಾಲ್ಲೂಕಿನ ಮುದುಕಿಯರ ಬೀಸುವ ಪದಗಳನ್ನು ಸಿಂದಗಿಯ ಒಂದು ಕೋಣೆಯ ಕಂಪ್ಯೂಟರಿನಲ್ಲಿ ಕೂಡಿಡುವ ಕೆಲಸ ಅದು. ಊರೂರಿನವರು ಪದ ರೆಕಾರ್ಡ್ ಮಾಡಿ ಕಳಿಸಿ, ಫೈಲಿನ ಅಳತೆಯನ್ನು ತಮಗೆ ತಿಳಿದಂತೆ ಬರೆಯುತ್ತಿದ್ದರು: 800 ಕೆಬಿ, 2 ಎಂಬಿ. ಅದನ್ನೆಲ್ಲ ಬೈಟಿಗೆ ಇಳಿಸುವ ಪ್ರೋಗ್ರಾಮಿನ ತುಣುಕು, ಫಂಕ್ಷನ್, ಅವಳೇ ಬರೆದದ್ದು. ಅರ್ಥವಾಗದ್ದು ಬಂದರೆ? ಸೊನ್ನೆ ಎಂದುಕೊಂಡು ಮುಂದೆ ನಡಿ. ಎಂಥ ಶಾಣ್ಯಾತನ ನೋಡಿ! ಸೊನ್ನೆ ಬೈಟಿನ ಫೈಲು ಖಾಲಿ ಎಂದು ಪ್ರತಿ ಶುಕ್ರವಾರ ನಾಲ್ಕಕ್ಕೆ ಡೇಟಾಬೇಸು ತಾನೇ ಅಳಿಸಿಹಾಕುತ್ತಿತ್ತು.

ಅಂದು ಶುಕ್ರವಾರ.

"ತಂಗಿ, ನಮ್ಮವ್ವನ ಪದ ಮುಟ್ಟಿತೇನವಾ?" ಸಿಂದಗಿ ತಾಲ್ಲೂಕಿನ ಮೋರಟಗಿಯಿಂದ ಮಾಸ್ತರರು ಕೇಳಿದರು. "ದೀಡ ಎಂಬಿ ಅಂತ ಬರದೇನಿ ನೋಡು."

"ಏನಂತ ಬರದೀರಿ?"

"ದೀಡ. ಒಂದೂವರಿ. ನಾವು ಹಂಗಽ ಅನ್ನೂದಲ್ಲ?"

ವಿಜಯಶ್ರೀಗೆ ತನ್ನ ತಪ್ಪು ಹೊಳೆಯಿತು. ಹುಟ್ಟಿದಾಗಿನಿಂದ ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ ಎಂದೇ ಎಣಿಸಿದವಳು ಫಂಕ್ಷನ್ನಿಗೆ ಅದನ್ನು ಕಲಿಸಿರಲಿಲ್ಲ. ಗಡಿಯಾರ ನೋಡಿದಳು. ನಾಲ್ಕು ದಾಟಿತ್ತು. ಪರದೆಯ ಮೇಲೆ ಸಾಲುಗಳು ಏಳುತ್ತಿದ್ದವು: ಇಂಡಿ, ಮುಗಿಯಿತು. ಬಸವನ ಬಾಗೇವಾಡಿ, ಮುಗಿಯಿತು. ಮುದ್ದೇಬಿಹಾಳ, ಮುಗಿಯಿತು. ಅಯ್ಯೋ ದೇವರೇ, ಇನ್ನು ಸಿಂದಗಿ! ಅವಸರದಲ್ಲಿ ಪಾಸ್‌ವರ್ಡು ಎರಡು ಸಲ ತಪ್ಪಿತು. ಮೂರನೆಯ ಸಲ ಒಳಹೊಕ್ಕು ನಿಲ್ಲಿಸುವಷ್ಟರಲ್ಲಿ ಕೊನೆಯ ಸಾಲೂ ಬಂದಿತ್ತು: ಸಿಂದಗಿ, ಅಳಿಸಿದ್ದು ಒಂದು.

ಎರಡನೆಯ ಪ್ರತಿ ಇಡಲು ಡಿಸ್ಕು ತರಬೇಕಿತ್ತು. ತಂದಿರಲಿಲ್ಲ.

"ಮಾಸ್ತರ್ರಿ, ನಿಮ್ಮ ಫೋನಿನ್ಯಾಗ ಐತಲ್ರಿ ಅದು?"

"ಎಲ್ಲೈತಿ? ಜಾಗ ಇಲ್ಲಂದಿದ್ದೆ. ಕಳಿಸಿದ ಮ್ಯಾಲ ಅಳಿಸ್ರಿ ಅಂತ ನೀನಽ ಹೇಳಿದ್ದಿ."

ಅವರವ್ವ ಶೆಟ್ಟೆವ್ವ ತೀರಿಕೊಂಡು ಹದಿನೈದು ದಿನವಾಗಿತ್ತು. ಆ ದನಿ ಇನ್ನೆಲ್ಲಿಯೂ ಇರಲಿಲ್ಲ. ಮುಟ್ಟೈತ್ರಿ ಎಂದು ಸುಳ್ಳು ಹೇಳಿಬಿಡಲೇ ಎನಿಸಿತು ಅವಳಿಗೆ. ಕೊನೆಗೆ ಇದ್ದದ್ದು ಇದ್ದಂತೆ ಹೇಳಿದಳು: ಯಂತ್ರಕ್ಕೆ ದೀಡ ತಿಳಿಯಲಿಲ್ಲ, ಸೊನ್ನೆ ಹಾಕಿತು, ಅಳಿಸಿತು.

ಮಾಸ್ತರರು ಬೈದರೆ ಸಾಕಪ್ಪಾ ಎಂದು ಅವಳು ಕಾದಳು.

"ಮೂವತ್ತು ವರ್ಷ ಸಾಲಿ ಕಲಿಸೇನಿ, ತಂಗಿ." ಅವರ ದನಿ ಒಡೆದಿತ್ತು. "ಹುಡುಗ ಬರದದ್ದು ತಿಳೀಲಿಲ್ಲಂದ್ರ ಕರದು ಕೇಳ್ತಿದ್ದೆ. ಸೊನ್ನಿ ಹಾಕ್ತಿದ್ದಿಲ್ಲ. ಆ ಯಂತ್ರಕ್ಕ ಕೇಳೂದನ್ನ ಯಾರೂ ಕಲಿಸಿದ್ದಿಲ್ಲೇನು?"

"ನಾನಽ ಕಲಿಸಿದ್ದಿಲ್ರಿ," ಎಂದಳು ವಿಜಯಶ್ರೀ.