ಮೂರು ಜರಡಿಯ ಅಕ್ಕ

ಬಾಗಿದ ಸೂಜಿಯನ್ನೂ ಎರಡು ಸಲ ಬೆಳಕಿಗೆ ಹಿಡಿಯದೆ ಎಸೆದವಳಲ್ಲ ಅಕ್ಕ. ಕೂತಲ್ಲಿ ಕೂತಾಗಲೂ ಅವಳ ಬಲಗಾಲು ಇಲ್ಲದ ಪೆಡಲನ್ನು ತುಳಿಯುತ್ತಿತ್ತು, ಎಣ್ಣೆಯ ಕಲೆಗಳೇ ವಿನ್ಯಾಸವಾಗಿಹೋದ ನೀಲಿ ಕೋಟಿನ ಜೇಬಿನಲ್ಲಿ ದಾರ ಸುತ್ತುವ ಬಾಬಿನ್ನುಗಳು ಗಲಗಲ ಎನ್ನುತ್ತಿದ್ದವು, ಯಾರು ಏನೇ ಅಂದರೂ ಅವಳ ಮೊದಲ ಉತ್ತರ ಒಂದೇ: "ತಡಿ, ನೋಡೋಣ."

ಹೊಲಿಗೆ ಯಂತ್ರಗಳ ರಿಪೇರಿ ಕುರಿತ ಅವಳ ಬ್ಲಾಗಿನಿಂದ ಎಷ್ಟೋ ದರ್ಜಿಗಳಿಗೆ ಉಪಕಾರವಾಗಿತ್ತು, ನಿಜ. ಆದರೆ ಅವಳು ಅದನ್ನು ಆರಂಭಿಸಿದ್ದು ಒಬ್ಬರೇ ಓದುಗರಿಗಾಗಿ: ಕಸುಬು ಕಲಿಸಿ, ತಾನಿದ್ದ ಹೊಲಿಗೆ ಯಂತ್ರದ ಕಾರ್ಖಾನೆ ಮುಚ್ಚಿದ ಮೇಲೆ ವಿಳಾಸವನ್ನೂ ಕೊಡದೆ ಹೊರಟುಹೋದ, ಊಟಕ್ಕೆ ಉಪ್ಪು ಕೇಳುವಾಗಲೂ ಜಾಹೀರಾತಿನ ಧಾಟಿ ಬಿಡದ ಸೇಲ್ಸ್‌ಮನ್ ಸೋದರಮಾವನಿಗಾಗಿ. ತಪ್ಪು ಕಂಡರೆ ಅವರು ಸುಮ್ಮನಿರಲಾರರೆಂದು, ಈಗೆಲ್ಲೂ ಬಳಕೆಯಲ್ಲಿಲ್ಲದ ಹಳೆಯ ಯಂತ್ರವೊಂದರ ಚಿತ್ರದಲ್ಲಿ ಸ್ಪ್ರಿಂಗನ್ನು ಬೇಕೆಂದೇ ತಲೆಕೆಳಗಾಗಿ ಬರೆದು ಕಾಯುತ್ತಿದ್ದಳು.

ಬಂದದ್ದು ಮಾತ್ರ ಬೊಕ್ಕತಲೆಯ ತೈಲ, ಜೂಜಿನ ತಾಣ, ನಕಲಿ ಕೈಗಡಿಯಾರಗಳ ಜಾಹೀರಾತು. ದಿನಕ್ಕೆ ನಾನೂರು ಕಾಮೆಂಟು! ಲಿಂಕುಗಳನ್ನು ಎಣಿಸುವ ಫಿಲ್ಟರ್ ಹಾಕಿದಳು. ಲಿಂಕಿಲ್ಲದ ಕಸ ನುಸುಳಿತು. ಅದನ್ನು ಕಿತ್ತು, ಮಾರಾಟದ ವಾಸನೆ ಹಿಡಿಯಲು ಪದಗಳನ್ನು ತೂಗುವ ಫಿಲ್ಟರ್ ಹಾಕಿದಳು. ಕಸದ ಜೊತೆಗೆ ದರ್ಜಿಗಳ ದನಿಯೂ ಅಡಗಿತು.

"ಕಾಮೆಂಟೇ ಮುಚ್ಬಿಡಕ್ಕ, ತಲೆನೋವು ತಪ್ಪುತ್ತೆ," ಎಂದ ತಮ್ಮ.

"ತಡಿ, ನೋಡೋಣ. ಮುಚ್ಚಿದ್ರೆ ಮಾವ ಎಲ್ಲಿ ಬರೀಬೇಕು?"

ಕೆಲವು ತಿಂಗಳ ಮೇಲೆ, ಒಂದು ಭಾನುವಾರ ಹೊಳೆಯಿತು: ಒಂದನ್ನು ಕಿತ್ತು ಇನ್ನೊಂದನ್ನು ಹಾಕುವುದೇಕೆ? ಎರಡನ್ನೂ, ಜೊತೆಗೆ ಒಂದೇ ಬರಹ ಎಷ್ಟು ಕಡೆ ಉದುರಿದೆಯೆಂದು ಪತ್ತೆಹಚ್ಚುವ ಮೂರನೆಯದನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಳು. ಮೂರೂ ಕಸವೆಂದರೆ ಹೊರಗೆ, ಮೂರೂ ಒಪ್ಪಿದರೆ ಒಳಗೆ, ಜಗಳ ಬಿದ್ದರೆ ಅನುಮಾನದ ಪೆಟ್ಟಿಗೆಗೆ. ಅವಳು ಕಣ್ಣಾರೆ ಓದಬೇಕಾದ ಕಾಮೆಂಟುಗಳು ದಿನಕ್ಕೆ ನಾನೂರರಿಂದ ಹನ್ನೊಂದಕ್ಕಿಳಿದವು. ಆ ಸಂಭ್ರಮದಲ್ಲಿ ಅವಳ ಎರಡೂ ಕಾಲುಗಳು ಪೆಡಲು ತುಳಿಯತೊಡಗಿದವು.

ಏಳನೆಯ ದಿನ ಬೆಳಗ್ಗೆ ಅನುಮಾನದ ಪೆಟ್ಟಿಗೆಯಲ್ಲಿ ಇದು ಕೂತಿತ್ತು: "ಅಪೂರ್ವ ಅವಕಾಶ! ನಿಮ್ಮ ಯಂತ್ರಕ್ಕೆ ಹೊಸ ಜೀವ! ಸ್ಪ್ರಿಂಗ್ ತಲೆಕೆಳಗಾಗಿದೆಯಲ್ಲೇ ಕತ್ತೆ, ಇದನ್ನೇನಾ ನಾನು ಕಲಿಸಿದ್ದು? ನಾಲ್ಕನೇ ಸಲ ಬರೀತಿದೀನಿ. ಇಂದೇ ಸಂಪರ್ಕಿಸಿ." ಕೆಳಗೊಂದು ಫೋನ್ ನಂಬರು.

ಪದಗಳ ಫಿಲ್ಟರ್ ಕಸವೆಂದಿತ್ತು, ಉಳಿದೆರಡು ಅಲ್ಲವೆಂದಿದ್ದವು. ಅದೊಂದೇ ದರ್ಬಾರು ನಡೆಸಿದ ತಿಂಗಳುಗಳಲ್ಲಿ ಹಿಂದಿನ ಮೂರು ಕಾಮೆಂಟುಗಳು ಎಲ್ಲಿ ಹೋದವೆಂಬುದು ಅರಿವಾಗಿ ಅಕ್ಕ ಫೋನು ಎತ್ತಿಕೊಂಡಳು.

"ಯಾರಕ್ಕ ಅದು?"

"ಮಾವ ಬೈದಿದ್ದಾರೆ," ಎಂದಳು, ಅಳುತ್ತ ನಗುತ್ತ, ಆಗಲೇ ನಂಬರು ಒತ್ತುತ್ತ.

ಇಂಥವರು ಜಗತ್ತಿನ ಕಸವನ್ನು ನಮಗಿಂತ ಹೆಚ್ಚು ಕಂಡವರು. ಕೈ ತೊಳೆದುಕೊಂಡು ಬಾಗಿಲು ಹಾಕಲು ಅವರಿಗೆ ಬೇಕಾದಷ್ಟು ಕಾರಣಗಳಿರುತ್ತವೆ. ಆದರೂ ಎಸೆಯುವ ಮುನ್ನ ಇನ್ನೊಮ್ಮೆ ನೋಡುತ್ತಾರೆ. ಯಾಕೆಂದರೆ ಅವರು ಕಾಯುತ್ತಿರುವವರು ಯಾವ ವೇಷದಲ್ಲಿ ಬರುತ್ತಾರೆಂದು ಅವರಿಗೂ ಗೊತ್ತಿರುವುದಿಲ್ಲ.