ಮುಖ ಬಿಗಿ ಮಾಡಿಸಲು ಹೊರಟ ವೆಂಕಟರತ್ನಮ್ಮ

ತಾಯಲೂರಿನ ವೆಂಕಟರತ್ನಮ್ಮನಿಗೆ ಸಿಟ್ಟು ಬಂದಿದ್ದು ಕೋಲಾರದ ಟೊಮೆಟೊ ಮಂಡಿಯ ಮುನಿಶಾಮಿಯ ಮೇಲಲ್ಲ, ಸ್ವಂತ ಗಂಡನ ಮೇಲೆ. ಹರಾಜು ಕೂಗುವ ಮುನಿಶಾಮಿ ಹೊಸಬ, ಪಾಪ. ಕ್ರೇಟುಗಳ ಪಕ್ಕ ನಿಂತಿದ್ದ ಅವಳನ್ನು ನೋಡಿ, "ಏನಣ್ಣಾ ಚನ್ನರಾಯಪ್ಪ, ವಯಸ್ಸಾದ ತಾಯಿನ ಯಾಕಣ್ಣಾ ಈ ಬಿಸಿಲಿಗೆ ಕರ್ಕೊಂಡ್ ಬಂದೆ?" ಎಂದುಬಿಟ್ಟ. ಸುತ್ತಲಿದ್ದವರೆಲ್ಲ ಗೊಳ್ಳೆಂದರು. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕವನು ಗಂಡ ಚನ್ನರಾಯಪ್ಪ.

ನಗದೆ ಏನು ಮಾಡಿಯಾನು! ಅರವತ್ತು ದಾಟಿದರೂ ಅವನ ತಲೆ, ಮೀಸೆ ಎರಡೂ ಕಾಗೆಯಷ್ಟು ಕಪ್ಪು. ಆ ಕಪ್ಪನ್ನು ಪ್ರತಿ ಭಾನುವಾರ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬಳಿಯುತ್ತಿದ್ದವಳು ಇದೇ ವೆಂಕಟರತ್ನಮ್ಮ. ವಯಸ್ಸಿನಲ್ಲಿ ಗಂಡನಿಗಿಂತ ಚಿಕ್ಕವಳು. ಬಿಸಿಲಲ್ಲಿ ಬೆಂದು ಕೆನ್ನೆ ಜೋತುಬಿದ್ದಿದ್ದರೆ ಅದು ಯಾರ ತೋಟಕ್ಕಾಗಿ? ಅವಳಿಗೆ ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಆ ಭಾನುವಾರ ಅವಳು ಬ್ರಷ್ಷು ಮುಟ್ಟಲಿಲ್ಲ. ಚನ್ನರಾಯಪ್ಪ ತಾನೇ ಬಳಿದುಕೊಳ್ಳಲು ಹೋಗಿ ಕಿವಿಯನ್ನೂ ಕಪ್ಪು ಮಾಡಿಕೊಂಡ.

ಅವಳ ಅಣ್ಣನ ಮಗಳು ಪವಿತ್ರ ಕೋಲಾರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನರ್ಸು. ವೆಂಕಟರತ್ನಮ್ಮ ಅವಳ ಬೆನ್ನು ಬಿದ್ದು, ಗಂಡನಿಗೆ ಹಲ್ಲುನೋವೆಂದು ಸುಳ್ಳು ಹೇಳಿ, ಅಲ್ಲಿಗೆ ವಾರಕ್ಕೊಮ್ಮೆ ಬರುವ ಪ್ಲಾಸ್ಟಿಕ್ ಸರ್ಜನ್ ರಜನಿಯ ಮುಂದೆ ಹೋಗಿ ಕೂತು, ಮುಖ ಬಿಗಿ ಮಾಡಿಕೊಡಿ ಎಂದಳು.

"ಇದ್ರಲ್ಲಿ ಬೇರೆಬೇರೆ ಥರ ಇದೆಯಮ್ಮ," ಎಂದರು ಡಾಕ್ಟರು. "ಚರ್ಮದೊಳಗೆ ದಾರ ಹಾಕಿ ಎತ್ತೋದು ಒಂದು. ಅದು ಬಹಳ ದಿನ ನಿಲ್ಲಲ್ಲ. ಕಿವಿ ಹತ್ರ ಚಿಕ್ಕದಾಗಿ ಕೊಯ್ದು ಕೆನ್ನೆ ಕೆಳಗಷ್ಟೇ ಬಿಗಿ ಮಾಡೋದು ಇನ್ನೊಂದು. ನಿಮಗೆ ಕತ್ತೂ ಜೋತುಬಿದ್ದಿದೆ, ಪೂರ್ತಿ ಫೇಸ್‌ಲಿಫ್ಟೇ ಬೇಕಾಗತ್ತೆ. ಅದ್ರಲ್ಲಿ ಬರೀ ಚರ್ಮ ಎಳೆಯಲ್ಲ, ಕೆಳಗಿನ ಪದರಾನೂ ಎತ್ತಿ ಹೊಲೀತೀವಿ."

"ರವಿಕೆ ಇದ್ದಂಗೆ ಅನ್ನಿ. ಲೈನಿಂಗ್ ಬಿಟ್ಟು ಮೇಲಿನ ಬಟ್ಟೆ ಮಾತ್ರ ಹಿಡಿದ್ರೆ ನೆಟ್ಟಗೆ ಕೂರಲ್ಲ," ಎಂದಳು ವೆಂಕಟರತ್ನಮ್ಮ.

ಡಾಕ್ಟರು ನಕ್ಕರು. "ಹೂಂ, ಹಾಗೇ. ಆದ್ರೆ ಬಿಸಿಲಿನ ಕಲೆ ಇದ್ರಿಂದ ಹೋಗಲ್ಲ. ಊತ ಇಳಿಯೋಕೆ ಎರಡು ಮೂರು ವಾರ ಬೇಕು. ಒಳಗೆ ರಕ್ತ ಕಟ್ಟಬಹುದು, ಅಪರೂಪಕ್ಕೆ ನರಕ್ಕೆ ಪೆಟ್ಟಾಗಬಹುದು. ಯೋಚನೆ ಮಾಡಿ ಬನ್ನಿ."

"ಹೊಲಿಗೆ ಗುರುತು?"

"ಕಿವಿ ಸುತ್ತ, ಕೂದಲೊಳಗೆ ಅಡಗಿರತ್ತೆ. ಕೂದಲಿರೋವರೆಗೂ ಯಾರಿಗೂ ಗೊತ್ತಾಗಲ್ಲ."

ಅಷ್ಟು ಸಾಕಾಗಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಮುನಿಶಾಮಿಯ ಮುಂದೆ ಹೊಸ ಮುಖದಲ್ಲಿ ನಿಂತಿರುವುದನ್ನೇ ನೆನೆದಳು. ಮನೆಗೆ ಬಂದರೆ ಚನ್ನರಾಯಪ್ಪ ಜಗಲಿಯ ಮೇಲೆ ಕಾಯುತ್ತಿದ್ದ.

"ಶನಿವಾರ ಚಿಕ್ಕತಿರುಪತಿಗೆ ಹೋಗೋಣ ಕಣೇ. ಹೋದ್ ವರ್ಷ ನಿನಗೆ ಡೆಂಗೂ ಬಂದಾಗ, ಉಳಿಸಿಕೊಡಪ್ಪಾ, ಇಬ್ರೂ ಬಂದು ಮುಡಿ ಕೊಡ್ತೀವಿ ಅಂತ ಹರಕೆ ಹೊತ್ತಿದ್ದೆ."

ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. "ನನ್ ಕೂದಲಿಗೆ ನೀನ್ಯಾಕಯ್ಯಾ ಹರಕೆ ಹೊತ್ತೆ? ಒಂದು ಮಾತು ಕೇಳಬಾರ್ದಾ?"

"ಕೇಳೋಣ ಅಂದ್ರೆ ನಿನಗೆ ಪ್ರಜ್ಞೆ ಎಲ್ಲಿತ್ತು?"

ಆಪರೇಷನ್ ಮಾಡಿಸಿಕೊಂಡು ಆಮೇಲೆ ಮುಡಿ ಕೊಟ್ಟರೆ, ಬೋಳುತಲೆಯ ಮೇಲಿನ ಹೊಲಿಗೆಯನ್ನು ತಾಯಲೂರಿಗೆ ತಾಯಲೂರೇ ನೋಡುತ್ತದೆ. ಮೊದಲು ದೇವರ ಬಾಕಿ ತೀರಲಿ, ಕೂದಲು ಬೆಳೆದ ಮೇಲೆ ಡಾಕ್ಟರು ಎಂದು ಲೆಕ್ಕ ಹಾಕಿ ಹೊರಟಳು.

ಶನಿವಾರ ಅವಳ ಮುಡಿ ಬೇಗ ಮುಗಿಯಿತು. ಸ್ನಾನ ಮಾಡಿ, ತಲೆಗೆ ಗಂಧ ಬಳಿದುಕೊಂಡು, ಸೆರಗು ಹೊದ್ದು ಮೆಟ್ಟಿಲ ಬಳಿ ಗಂಡನಿಗಾಗಿ ಕಾದಳು. ಅವನು ಬಂದಾಗ ಗುರುತೇ ಹತ್ತಲಿಲ್ಲ. ತಲೆಗೂದಲೂ ಇಲ್ಲ, ಮೀಸೆಯೂ ಇಲ್ಲ. ಇಷ್ಟು ವರ್ಷ ಕಪ್ಪು ಮೀಸೆಯಿಂದಾಗಿ ಯಾರ ಕಣ್ಣಿಗೂ ಬೀಳದಿದ್ದ ಕೆನ್ನೆಗಳು ಕತ್ತಿನವರೆಗೆ ಇಳಿದಿದ್ದವು. ತೀರಿಹೋದ ಮಾವನೇ ಎದ್ದು ಬಂದಂತಿತ್ತು.

ಹೂವು ಮಾರುತ್ತಿದ್ದ ಹೆಂಗಸು ಕೂಗಿ ಹೇಳಿದಳು: "ಅಮ್ಮಣ್ಣೀ, ನಿಮ್ಮಪ್ಪನ ಕೈ ಹಿಡ್ಕೊಳ್ಳಮ್ಮ. ಮೆಟ್ಟಿಲು ಜಾರತ್ತೆ, ಪಾಪ, ವಯಸ್ಸಾದೋರು."

ಮಂಡಿಯ ಆ ದಿನದಿಂದ ಕಾಯುತ್ತಿದ್ದ ನಗು ವೆಂಕಟರತ್ನಮ್ಮನ ಗಂಟಲಿಗೆ ಬಂತು. ಅಷ್ಟರಲ್ಲಿ ಅವನ ಮುಖ ನೋಡಿದಳು. ಬೋಳು ತುಟಿ ಅದುರುತ್ತಿತ್ತು. ನಗುವನ್ನು ನುಂಗಿಕೊಂಡು ಅವನ ಕೈ ಹಿಡಿದಳು. "ನಮ್ಮಪ್ಪ ಅಲ್ಲಮ್ಮ, ನಮ್ ಯಜಮಾನ್ರು. ನನ್ ಜೀವಕ್ಕೋಸ್ಕರ ಮುಡಿ ಕೊಟ್ಟವ್ರೆ."

ಚನ್ನರಾಯಪ್ಪ ಅವಳ ಕೈ ಹಿಡಿದೇ ಬಸ್ಸು ಹತ್ತಿದ. ಕೂತ ಮೇಲೆ ಮೆಲ್ಲಗೆ ಹೇಳಿದ: "ಆವತ್ತು ಮಂಡೀಲಿ ನಾನು ನಗಬಾರ್ದಾಗಿತ್ತು ಕಣೇ."

ಅವಳ ಎದೆ ಹಗುರವಾಯಿತು. ಗುಟ್ಟು ತಾನಾಗಿಯೇ ಹೊರಬಿತ್ತು: ಹಲ್ಲುನೋವಿನ ಸುಳ್ಳು, ಡಾಕ್ಟರು, ದಾರ, ಕೆಳಗಿನ ಪದರ, ಎಲ್ಲ. ಅವನು ಬಯ್ಯುತ್ತಾನೆಂದು ಕಾದಳು. ಅವನು ಜೋತುಬಿದ್ದ ಕೆನ್ನೆಯನ್ನು ಕಿವಿಯ ಕಡೆಗೆ ಎತ್ತಿ ಹಿಡಿದು, ಬಸ್ಸಿನ ಕಿಟಕಿಯ ಗಾಜಿನಲ್ಲಿ ಬಹಳ ಹೊತ್ತು ನೋಡಿಕೊಂಡ.

"ಲೇ ರತ್ನ," ಎಂದ. "ಅದನ್ನ ಗಂಡಸರಿಗೂ ಮಾಡ್ತಾರಾ?"

ವೆಂಕಟರತ್ನಮ್ಮ ಆಗ ನಕ್ಕಳು. ಮಾಲೂರು ಬರುವವರೆಗೂ ನಗುತ್ತಲೇ ಇದ್ದಳು.